ಉತ್ತರದಾತೆ ನಲವತ್ತೇಳು

ಗಿವಾನ್ ಬಂದರಿನಿಂದ ದೋಣಿಯಲ್ಲಿ ಮುಕ್ಕಾಲು ತಾಸು.
ಬಿದಿರ ರೆಕ್ಕೆ ಕಟ್ಟಿದ ದೋಣಿ. ಇಂಜಿನ್ನಿನ ಸದ್ದಿಗೆ
ಯಾರೂ ಮಾತಾಡುವಂತಿರಲಿಲ್ಲ, ಒಳ್ಳೆಯದೇ ಆಯಿತು.
ಚೀಲದಲ್ಲಿ ಆರು ಹಾಳೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು.
ಆರು ವರ್ಷದ ಹಿಂದೆ ಇದೇ ದಡಕ್ಕೆ
ಮುನ್ನೂರು ಪ್ರಶ್ನಾವಳಿ ಹೊತ್ತು ಬಂದಿದ್ದೆ.
ಕೊಡೆ ಮರೆತು ಬಂದಿದ್ದೆ.

ಆಗ ತೆಂಗುಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು,
ಯಾರೋ ಕೂತು ತಲೆ ಬಾಚಿದ ಹಾಗೆ.
ಚರ್ಚಿಗೆ ಸೂರಿರಲಿಲ್ಲ. ನೀಲಿ ಟಾರ್ಪಾಲಿನಡಿ ನಾನು ಕೇಳುತ್ತಿದ್ದೆ:
ಪ್ರಶ್ನೆ ಇಪ್ಪತ್ತಮೂರು ಅಜ್ಜಿ, ಒಂದರಿಂದ ಐದರೊಳಗೆ ಹೇಳಿ,
ನೆರೆಹೊರೆಯವರ ಮೇಲೆ ನಿಮಗೆ ನಂಬಿಕೆ ಎಷ್ಟು?
ಐದು ಅಂದರೆ ಪೂರ್ತಿ.
ನಮಗಿಂತ ಮುಂಚೆ ಏಳು ತಂಡ ಬಂದು ಹೋಗಿತ್ತು.
ಒಬ್ಬರು ಬಾವಿಯ ಉಪ್ಪು ಅಳೆದರು, ಒಬ್ಬರು ಮಕ್ಕಳ ತೋಳು.
"ನೀನೇನು ಅಳೀತೀಯ?" ಅಂದಳು ಎಪಿಫಾನಿಯಾ.
"ಚೇತರಿಕೆ" ಅಂದೆ. ಮನಿಲಾದಲ್ಲಿ ಕೂತು
ವಾರಾಯ್ ನುಡಿಯಲ್ಲಿ ನಾವು ಆರಿಸಿದ ಪದ
ಜ್ವರ ಬಿಟ್ಟವರಿಗೆ ಆಡುವ ಮಾತಂತೆ.
"ನನಗೆ ಜ್ವರ ಬಂದೇ ಇರಲಿಲ್ಲವಲ್ಲ" ಅಂದಳು.

ಈಗ ಅವಳಿಲ್ಲ. ಮಗಳ ಮಗಳು ದಿವಿನಾ ಬರೆದಿದ್ದಳು:
ಅಜ್ಜಿಯ ಫೋಟೋ ಎರಡಿವೆ, ದನಿ ಎಲ್ಲೂ ಇಲ್ಲ.
ನಿಮ್ಮ ಪುಟ್ಟ ಯಂತ್ರದಲ್ಲಿ ಇರಬೇಕಲ್ಲ?

ಇರಬೇಕಿತ್ತು.
ಐದು ವರ್ಷಕ್ಕೆ ಅಳಿಸತಕ್ಕದ್ದು ಎಂದು ನಿಯಮ.
ಮಾತು ಕೊಟ್ಟವರ ಗುಟ್ಟು ಕಾಯಲು ಮಾಡಿದ್ದು, ಒಳ್ಳೆಯ ನಿಯಮ.
ನಾನೇ ಗುಂಡಿ ಒತ್ತಿದೆ, ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಮುಂಚೆ.
ಉಳಿದದ್ದು ಬರಹ. ಅದರಲ್ಲಿ ಅವಳಿಗೆ ಹೆಸರಿಲ್ಲ.

ಅಂಗಡಿಯ ಕಟ್ಟೆ. ಶಾಂಪೂ ಪೊಟ್ಟಣದ ತೋರಣ, ಒಣಮೀನು.
ದಿವಿನಾ ಹಾಳೆಯನ್ನು ಮೊಣಕಾಲ ಮೇಲಿಟ್ಟು ಓದಿದಳು:

ಉ. ೪೭: ಸಾಲದ ಪುಸ್ತಕ ಕೊಚ್ಚಿಹೋಯಿತು.
ಒಂಬತ್ತನೇ ದಿನ ಒಬ್ಬೊಬ್ಬರೇ ಬಂದರು.
ನನ್ನದು ನಲವತ್ತು ಪೆಸೊ, ನನ್ನದು ಎರಡಳತೆ ಅಕ್ಕಿ, ಬರಕೋ ಅಂದರು.
ಬರೆಯಲಿಕ್ಕೆ ಕಾಗದ ಎಲ್ಲಿತ್ತು? (ಹುಂಜದ ಕೂಗು)
(ಹೆಸರು ತೆಗೆದಿದೆ) ಹದಿಮೂರು ಹೆಚ್ಚಿಗೇ ಹೇಳಿದ.
ನನಗೆ ಗೊತ್ತಿತ್ತು. ಸುಮ್ಮನಿದ್ದೆ. (ನಗು)
ಹಾಕು, ನಾಲ್ಕು.
ಪ್ರಶ್ನೆ: ಐದು ಯಾಕಲ್ಲ?
ಉ. ೪೭: ಒಬ್ಬ ಬರಲಿಲ್ಲ. (ಅಸ್ಪಷ್ಟ)

"ಹದಿಮೂರು ತೆಯೋಫಿಲೊ," ಅಂದಳು ದಿವಿನಾ.
"ಬಾರದೇ ಇದ್ದವನು ನಮ್ಮಪ್ಪ.
ಅತ್ತೆಗೆ ನೂರ ಎಂಬತ್ತು ಬಾಕಿ.
ಆಮೇಲೆ ಶುಕ್ರವಾರ ಶುಕ್ರವಾರ ಬಾಗಿಲಿಗೆ ಒಂದು ಮೀನು
ನೇತುಹಾಕಿ ಹೋಗುತ್ತಿದ್ದ, ಬಾಯಿ ಬಿಡದೆ.
ಅಜ್ಜಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಿಂದಳು."

ನಮ್ಮ ವರದಿಯಲ್ಲಿ ಈ ದ್ವೀಪದ ನಂಬಿಕೆ ಮೂರು ಪಾಯಿಂಟ್ ಎಂಟು.
ಮೀನಿಗೆ ಅಂಕಣವಿರಲಿಲ್ಲ.

"ಈ ನಗು," ಬೆರಳಿಟ್ಟು ಕೇಳಿದಳು, "ಎಷ್ಟು ಹೊತ್ತು?"
ಹಾಳೆಯ ಅಂಚಿಗೆ ಸಮಯ ನಮೂದಿಸಿತ್ತು.
ಹದಿನಾಲ್ಕನೇ ನಿಮಿಷದ ಎರಡನೇ ಸೆಕೆಂಡಿಗೆ ಶುರು,
ಹದಿಮೂರನೆಯದಕ್ಕೆ ಮುಂದಿನ ಮಾತು.
"ಹನ್ನೊಂದು ಸೆಕೆಂಡು."
"ಅಷ್ಟುದ್ದವಾ?"

ಫೋನು ತೆಗೆದು ಎಣಿಕೆ ಒತ್ತಿದಳು.
ಮೂರರಲ್ಲಿ ಯಾರೋ ವಿನೆಗರಿಗೆ ಬಂದರು,
ಅವಳು ಅಂಗೈ ಎತ್ತಿ ತಡೆದಳು.
ಆರರಲ್ಲಿ ಎಳೆ ತೆಂಗು, ಇನ್ನೂ ಒಂದು ಕಾಯಿ ಕಾಣದ್ದು,
ಗರಿ ಆಡಿಸಿತು.
ಒಂಬತ್ತು ಬಹಳ ಉದ್ದ.
ಹನ್ನೊಂದು.

ಬಂದವನು ಖಾಲಿ ಬಾಟಲಿ ಹಿಡಿದು ನಿಂತೇ ಇದ್ದ.
"ಬರಕೋಳೇ, ನಾಳೆ ಕೊಡ್ತೀನಿ."
ದಿವಿನಾ ಪೆನ್ನಿಗೆ ತಡಕಾಡಿದಳು.
ನನ್ನದನ್ನು ಕೊಟ್ಟೆ.